ಕಂಬಳಿಯೊಳಗಿನ ಪರೀಕ್ಷೆ

ಮೊನ್ನೆ ಮತ್ತೋಡಿನ ಕಡೆಯವರೊಬ್ಬರು ಕಣಜದ ಬೀಗವನ್ನು ಹಳೇ ಕಂಬಳಿಯ ತುಂಡಿನಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ತಂದರು. ದಾರಿಯಲ್ಲಿ ಮಳೆಗೆ ಸಿಕ್ಕಿದ್ದರಂತೆ. ಗಂಟು ಬಿಚ್ಚಿದೆ ನೋಡಿ, ನೆಂದ ಉಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಕುರಿಯ ಮೈಜಿಡ್ಡು, ಒಲೆಯ ಹೊಗೆ, ಕಂಬಳಿಗೆ ಹಾಕಿದ ಹುಣಸೆಬೀಜದ ಗಂಜಿ... ಬೀಗ ಕೈಯಲ್ಲೇ ಉಳಿಯಿತು. ನನ್ನ ಮನಸ್ಸು ಮಾತ್ರ ಇದೇ ಹೊಸದುರ್ಗದಲ್ಲಿ, ಇದೇ ಅಂಗಡಿ ಕಟ್ಟೆಯ ಮೇಲೆ, ಕಂಬಳಿ ಕೊಪ್ಪೆ ಹಾಕಿಕೊಂಡು ಕೂರುತ್ತಿದ್ದ ಒಬ್ಬ ಹೆಂಗಸಿನ ಹತ್ತಿರ ಹೋಗಿ ನಿಂತಿತು.

ಆಕೆಯನ್ನು ಎಲ್ಲರೂ ಯಜಮಾನ್ತಿ ಅನ್ನುತ್ತಿದ್ದರು. ಗಂಡ ಹೋದ ಮೇಲೆ ಕುರಿ ಹಿಂಡನ್ನು ತಾನೇ ನಡೆಸಿದವಳು. ಮತ್ತೋಡಿನ ಸುತ್ತ ಯಾರ ಹಿಂಡು ಯಾವ ಕಡೆ ಮೇಯಬೇಕು ಅನ್ನುವುದಕ್ಕೂ ಆಕೆಯ ಮಾತೇ ಮಾತು.

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅದಕ್ಕೆ ನನಗೆ ನಾಚಿಕೆಯಿಲ್ಲ. ಹೊಳಲ್ಕೆರೆಯಿಂದ ಹಿರಿಯೂರಿನ ತನಕ ಎಷ್ಟು ಕಣಜ, ಎಷ್ಟು ಪೆಟ್ಟಿಗೆ ನನ್ನ ಬೀಗವನ್ನು ನಂಬಿಕೊಂಡಿದ್ದವೋ, ನಾನು ಲೆಕ್ಕ ಇಟ್ಟಿಲ್ಲ. ಜಂಬ ಅನ್ನುವವರು ಅನ್ನಲಿ. ಕೆಲಸ ಬಲ್ಲವನು ಬಲ್ಲೆ ಅನ್ನಬೇಕು.

ಒಂದು ವರ್ಷ ಐಮಂಗಲದ ಕಡೆಯಿಂದ ನೆರಡಿ ರೋಗ ಬಂತು. ಬೆಳಿಗ್ಗೆ ಮೇಯಲು ಹೋದ ಕುರಿ ಸಂಜೆಗೆ ಹೊಟ್ಟೆ ಉಬ್ಬಿ ಬೀಳುತ್ತಿತ್ತು. ದುರ್ಗದಿಂದ ದನದ ಡಾಕ್ಟರು ಹೊಸ ಸೂಜಿಮದ್ದು ತಂದರು. ಆ ಮದ್ದಿನ ಗುಣ ಹೇಳಬೇಕು. ರೋಗದ ಬೀಜವನ್ನೇ ಸೊರಗಿಸಿ ಮಾಡಿದ್ದು ಅದು. ಅಳತೆಗೆ ಸರಿಯಾಗಿ ಹೋದರೆ ಕಾಯುತ್ತದೆ, ಹೆಚ್ಚಾದರೆ ಕೊಲ್ಲುತ್ತದೆ. ದನಕ್ಕೆ ಕೊಡುವಷ್ಟನ್ನು ಕುರಿಗೆ ಕೊಡುವ ಹಾಗಿಲ್ಲ.

ಡಾಕ್ಟರ ಗಾಜಿನ ಪಿಚಕಾರಿಯ ಕಡ್ಡಿಗೆ ಒಂದು ತಿರುಗುವ ಬಿಲ್ಲೆ ಇತ್ತು. ಬಿಲ್ಲೆ ನಿಂತಲ್ಲಿಗೆ ಅಳತೆ. ಯಜಮಾನ್ತಿಯ ರೊಪ್ಪದಲ್ಲಿ, ಮುಳ್ಳುಬೇಲಿಯ ಆ ಕುರಿದೊಡ್ಡಿಯಲ್ಲಿ, ಕುರಿಗಳನ್ನು ಹಿಡಿದು ಹಿಡಿದು ಎಲ್ಲರ ಕೈಯೂ ಉಣ್ಣೆಯ ಜಿಡ್ಡಿನಿಂದ ಜಾರುತ್ತಿತ್ತು. ಡಾಕ್ಟರ ಬೆರಳೂ ಅಷ್ಟೇ. ಯಾವ ಗಳಿಗೆಯಲ್ಲೋ ಬಿಲ್ಲೆ ಸರಿದು ಅಳತೆ ಹೆಚ್ಚಾಗಿಹೋಯಿತು. ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಆಕೆಯ ಹಿರೀ ಟಗರು ಸತ್ತಿತು, ಅದರ ಹಿಂದೆ ಕೆಲವು ತಾಯಿಕುರಿಗಳು...

ಯಜಮಾನ್ತಿ ರೊಪ್ಪದ ಬಾಯಿಗೆ ಮುಳ್ಳು ಹಾಕಿಬಿಟ್ಟಳು. ಇನ್ನು ಸೂಜಿ ಒಳಗೆ ಬರಕೂಡದು. ಆಕೆ ಬೇಡ ಅಂದಮೇಲೆ ಮಿಕ್ಕವರೂ ಬೇಡ ಅಂದರು. ರೋಗ ನೋಡಿದರೆ ಒಂದೊಂದೇ ಊರು ದಾಟಿ ಬರುತ್ತಿತ್ತು.

ಡಾಕ್ಟರು ಪಿಚಕಾರಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. ಒಳ್ಳೇ ಮನುಷ್ಯ. "ಮದ್ದಿನದೇನೂ ತಪ್ಪಿಲ್ಲಪ್ಪ, ನನ್ನ ಕೈಯಲ್ಲೇ ತಪ್ಪಾಯ್ತು. ಇನ್ನೊಂದು ಸಲ ಆಗಬಾರದು," ಅಂದರು. ನಾನು ಯೋಚಿಸಿದೆ. ಹೊರಗಿನ ಬಿಲ್ಲೆ ಜಾರುತ್ತದೆ, ಸರಿ. ತಡೆಯನ್ನು ಗಾಜಿನ ಒಳಗೇ ಇಟ್ಟರೆ? ಹಿತ್ತಾಳೆಯ ಸಣ್ಣ ಕೊಳವೆ ಮಾಡಿ, ಪಿಚಕಾರಿಯ ಮೇಲಿನ ಮುಚ್ಚಳದ ಕೆಳಗೆ ಕಡ್ಡಿಗೆ ತೊಡಿಸಿದೆ. ಕಡ್ಡಿ ಮೇಲೆ ಎಳೆದರೆ ಅದರ ಬುಡ ಕೊಳವೆಗೆ ತಾಗಿ ನಿಲ್ಲುತ್ತದೆ. ಕುರಿಗೆ ಬೇಕಾದಷ್ಟೇ ಮದ್ದು ಒಳಗೆ ಬರುತ್ತದೆ, ಅದಕ್ಕಿಂತ ಒಂದು ಹನಿಯೂ ಹೆಚ್ಚು ಬರುವುದಿಲ್ಲ. ದನಕ್ಕೆ ಬೇರೆ ಕೊಳವೆ, ಗಿಡ್ಡದು.

ಯಜಮಾನ್ತಿಯನ್ನು ಕರೆಸಿದೆವು. ಕಟ್ಟೆಯ ಮೇಲೆ ಕೂತಳು. ನಾನು ಪಿಚಕಾರಿಯಲ್ಲಿ ನೀರು ಎಳೆದು ತೋರಿಸಲು ಹೋದರೆ ಕೈ ಅಡ್ಡ ಹಿಡಿದಳು.

"ಲೇ ಬೀಗದೋನೆ, ನೀನು ಸರಿಯಾಗಿ ಮಾಡಾದ್ನ ನೋಡಾಕೆ ನಾನು ಅಷ್ಟು ದೂರದಿಂದ ಬಂದಿಲ್ಲ. ತಪ್ಪು ಮಾಡಾಕೆ ಆಗ್ತದಾ ನೋಡ್ಬೇಕು. ಕೊಡು ಇತ್ಲಾಗೆ."

ಸೊಂಟದಿಂದ ಒಂದು ಹಿಡಿ ಹಸಿ ಉಣ್ಣೆ ತೆಗೆದು ಎರಡೂ ಅಂಗೈಗೆ ಉಜ್ಜಿಕೊಂಡಳು. ಪಿಚಕಾರಿಯನ್ನೂ ಕೊಳವೆಗಳನ್ನೂ ಕಂಬಳಿಯೊಳಗೆ ಸೇರಿಸಿಕೊಂಡು ಕಣ್ಣು ಮುಚ್ಚಿದಳು. ಒಳಗೆ ಏನೋ ಬಿಚ್ಚುವ, ತಿರುಗಿಸುವ ಸದ್ದು. ಹೊರಗೆ ತೆಗೆದಾಗ ಮುಚ್ಚಳ ಬಿಗಿಯಾಗಿ ಕೂತಿತ್ತು. ಚೆಂಬಿನಲ್ಲಿ ಅದ್ದಿ ಎಳೆದಳು. ಪಿಚಕಾರಿ ಬಾಯಿ ತನಕ ತುಂಬಿತು! ಕೊಳವೆಗಳು ಆಕೆಯ ಮಡಿಲಲ್ಲೇ ಇದ್ದವು.

"ಹಾಕಾದೇ ಮರೆತ್ರೆ?" ಅಂದಳು. "ಆಗ ನಿನ್ ಹಿತ್ತಾಳೆ ಮಡಿಲಾಗೆ ಕುಂತು ನಗ್ತಿರ್ತದಾ?"

ನನಗೆ ಮೈ ಉರಿಯಿತು, ಸುಳ್ಳು ಯಾಕೆ. ಆದರೆ ಆಕೆ ಹೋದ ಮೇಲೆ ಕೂತು ನೋಡಿದರೆ ಅದು ನನ್ನದೇ ಕಸುಬಿನ ಮಾತು. ಕೀ ಇಲ್ಲದಿದ್ದರೂ ತೆರೆಯುವುದನ್ನು ಯಾವನಾದರೂ ಬೀಗ ಅಂತಾನಾ? ಹಳೇ ಮುಚ್ಚಳವನ್ನು ಪಕ್ಕಕ್ಕೆ ಎಸೆದೆ. ಹೊಸದಾಗಿ ಎರಡು ಮುಚ್ಚಳ ಮಾಡಿ, ಕೊಳವೆಯನ್ನು ಮುಚ್ಚಳಕ್ಕೇ ಬೆಸುಗೆ ಹಾಕಿದೆ. ಈಗ ಮುಚ್ಚಳ ಹಾಕಿದರೆ ತಡೆಯೂ ಒಳಗೆ ಹೋಯಿತು. ಹಾಕದಿದ್ದರೆ ಕಡ್ಡಿ ನೆಟ್ಟಗೆ ನಿಲ್ಲದು, ಒಂದು ಹನಿ ಏರದು. ಕೈಗೆ ಗುರುತು ಸಿಗಲಿ ಅಂತ ದನದ ಮುಚ್ಚಳಕ್ಕೆ ಎರಡು ಪುಟ್ಟ ಕೊಂಬು ಕೂರಿಸಿದೆ.

ಆಕೆ ಮತ್ತೆ ಬಂದಳು. ಮತ್ತೆ ಉಣ್ಣೆ, ಮತ್ತೆ ಕಂಬಳಿ. ಬಹಳ ಹೊತ್ತು ಒಳಗೇ ಗುದ್ದಾಡಿದಳು, ತಡೆ ತಪ್ಪಿಸಲು ಆಗಲಿಲ್ಲ. ಡಾಕ್ಟರು ಪಕ್ಕದಲ್ಲೇ ನಿಂತಿದ್ದರು. ಕೊನೆಗೆ ಕೊಂಬಿನ ಮುಚ್ಚಳವನ್ನು ಹೊರಗೆ ಹಿಡಿದು, "ಇದು ಯಾವ್ದು?" ಅಂದಳು.

"ದನದ್ದು. ಕೊಂಬು ಐತಲ್ಲ, ಯಜಮಾನ್ತಿ."

"ಯಾಕಲೇ, ನನ್ ಟಗರಿಗೆ ಕೊಂಬಿರಲಿಲ್ಲೇನು?"

ಡಾಕ್ಟರು ನಗಲು ಹೋಗಿ, ಆಕೆಯ ಮುಖ ನೋಡಿ ತಡೆದುಕೊಂಡರು. ಆಕೆ ಆ ಮುಚ್ಚಳವನ್ನು ಸೆರಗಿನ ತುದಿಗೆ ಹಾಕಿ ಗಂಟು ಬಿಗಿದಳು. "ನನ್ ಕುರಿ ಎಲ್ಲಾ ಮುಗಿಯೋಗಂಟ ಇದು ನನ್ತಾವ ಇರ್ಲಿ. ಎದುರಿಗೇ ಇಲ್ದಿದ್ರೆ ಹೆಂಗೆ ತಪ್ಪು ಮಾಡ್ತೀರ? ನಡೀರಿ ಡಾಕ್ಟ್ರೆ, ಹೋಗಾಣ."

ರೊಪ್ಪದ ಬಾಯಿಯ ಮುಳ್ಳನ್ನು ತಾನೇ ಎಳೆದು ಪಕ್ಕಕ್ಕೆ ಹಾಕಿದಳು. ಮೊದಲ ಕುರಿಯನ್ನು ತಾನೇ ತೊಡೆಸಂದಿಯಲ್ಲಿ ಹಿಡಿದುಕೊಂಡಳು. ಸೂಜಿ ಚುಚ್ಚುವಾಗ ಆಕೆ ಕುರಿಯನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಾನೂ ಕಣ್ಣು ತಪ್ಪಿಸಲಿಲ್ಲ. ಮಾಡಿದ್ದು ನಾನು, ತಪ್ಪಿಸಲು ಏನಿದೆ? ಆ ಹಿಂಡಿನಲ್ಲಿ ಸೂಜಿಯಿಂದ ಒಂದೂ ಸಾಯಲಿಲ್ಲ. ಆಮೇಲೆ ನೆರಡಿ ಮತ್ತೋಡಿನ ತನಕ ಬಂತು, ಆಕೆಯ ರೊಪ್ಪ ಮುಟ್ಟದೆ ಹೋಯಿತು. ಮಿಕ್ಕ ಹಟ್ಟಿಗಳವರು ತಾವಾಗಿಯೇ ಡಾಕ್ಟರಿಗೆ ಹೇಳಿಕಳಿಸಿದರು. ಕೊಂಬಿನ ಮುಚ್ಚಳ ವಾಪಸ್ಸು ಬಂತು, ಸೆರಗಿನ ವಾಸನೆ ಸಮೇತ.

ಡಾಕ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ಪಿಚಕಾರಿಯೂ ಅವರ ಜೊತೆ ಹೋಯಿತು. ಯಜಮಾನ್ತಿ ಮಾತ್ರ ಸಂತೆಗೆ ಬಂದಾಗಲೆಲ್ಲ ನನ್ನ ಕಟ್ಟೆಗೆ ಬಂದು, "ಏನು ಮಾಡೀಯ, ಕೊಡು. ಕೆಡಿಸ್ತೀನಿ," ಅನ್ನುತ್ತಿದ್ದಳು. ಹೊಸ ಬೀಗ ಕಂಬಳಿಯೊಳಗೆ ಹೋಗುತ್ತಿತ್ತು. ಕೆಡದೆ ಹೊರಗೆ ಬಂದದ್ದನ್ನೇ ನಾನು ಮಾರುತ್ತಿದ್ದೆ. ಒಂದು ಬೇಸಿಗೆ ಆಕೆ ಬರಲಿಲ್ಲ. ಮುಂದಿನ ಸಂತೆಗೂ ಬರಲಿಲ್ಲ... ಮತ್ತೋಡಿನವರು ಹೇಳಿದ ಮೇಲೆ ಗೊತ್ತಾಯಿತು.

ಮೊನ್ನೆಯ ಬೀಗ ಸಂಜೆಗೆ ರಿಪೇರಿಯಾಯಿತು. ತಂದವರು ಆಡಿಸಿ ನೋಡಿ, "ಚೆನ್ನಾಗೈತಲ್ರಿ, ಕೊಡ್ರಿ," ಅಂದರು. ನಾನು ಆ ಕಂಬಳಿಯ ತುಂಡಿಗೆ ಅಂಗೈ ಉಜ್ಜಿಕೊಂಡೆ. ಬೀಗವನ್ನು ಅದರೊಳಗೆ ಸುತ್ತಿ, ಕಣ್ಣು ಮುಚ್ಚಿ, ಬೇರೆ ಯಾವುದೋ ಕೀ ತುರುಕಿ ತಿರುಗಿಸಿದೆ. ಕಳಕ್ ಅಂತ ತೆರೆದುಕೊಂಡಿತು.

"ನಾಳೆ ಬರ್ರಿ," ಅಂದೆ. "ಈ ತುಂಡು ಇಲ್ಲೇ ಇರ್ಲಿ."

ಅವರು ಹೋದರು. ಕಟ್ಟೆ ಖಾಲಿ ಇತ್ತು. ಬೈಯುವವರು ಯಾರೂ ಇರಲಿಲ್ಲ. ನನ್ನನ್ನು ನಾನೇ ಒಂದು ಸಲ ಗಟ್ಟಿಯಾಗಿ ಬೈದುಕೊಂಡು ಅರ ಕೈಗೆತ್ತಿಕೊಂಡೆ.