ಆಯಿಲ್ ಸೋರುತ್ತಿದ್ದ ಜಾಗ

ಕಾರಿನಡಿ ಆಯಿಲ್ ಹನಿಯುತ್ತಿರುವುದು ಅಕ್ಕನಿಗೆ ತಿಳಿಯಬಾರದೆಂದು ಎರಡು ವಾರ ಅದನ್ನು ಹಿಂದಿನ ಓಣಿಯಲ್ಲಿ ನಿಲ್ಲಿಸುತ್ತಿದ್ದೆ. ಅವಳ ಕಿಡ್ನಿಗಳು ಕೈಕೊಟ್ಟ ಮೇಲೆ ವಾರಕ್ಕೆರಡು ಸಲ ಲಿಂಗಸುಗೂರಿನಿಂದ ಸಿಂಧನೂರಿಗೆ ಡಯಾಲಿಸಿಸ್‌ಗೆ ನಾನೇ ಕರೆದೊಯ್ಯುತ್ತಿದ್ದೆ. ಗಾಡಿ ಕೆಟ್ಟಿದೆ ಎಂದು ಗೊತ್ತಾದರೆ ಬಸ್ಸಿಗೆ ಹೊರಟುಬಿಡುವವಳು. ಹಿಂದೊಮ್ಮೆ ಹಾಗೆ ಹೋಗಿ, ಬರುವಾಗ ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಕತ್ತಲೆಗಟ್ಟಿ ಕುಸಿದಿದ್ದಳು.

ನಮ್ಮೂರ ಮೆಕ್ಯಾನಿಕ್ ಕಾರಿನಡಿ ಹೊಕ್ಕು ನೋಡಿ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಸೀಲ್ ಹೋಗಿದೆ ಎಂದಿದ್ದ. "ಎಂಜಿನ್ ಇಳಸಬೇಕ್ರಿ. ಎಂಟು ದಿನ ಗಾಡಿ ಬಿಟ್ಟು ಹೋಗ್ರಿ." ಎಂಟು ದಿನ ಗಾಡಿ ಬಿಡುವ ಹಾಗಿರಲಿಲ್ಲ. ಡಿಕ್ಕಿಯಲ್ಲಿ ಆಯಿಲ್ ಡಬ್ಬಿ ಇಟ್ಟುಕೊಂಡು, ಅಕ್ಕ ನೋಡದಾಗ ಸುರಿಯುತ್ತ ದಿನ ನೂಕಿದೆ.

ಆ ಮುಂಜಾನೆ ಸಂತೆಕಲ್ಲೂರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಸ್ಟೇರಿಂಗ್ ಹಿಂದೆ ಆಯಿಲ್ ದೀಪ ಕೆಂಪಗೆ ಹತ್ತಿತು. ನನ್ನ ಕಾಲು ಮಾತ್ರ ಆಕ್ಸಿಲರೇಟರ್ ಮೇಲಿಂದ ಏಳಲಿಲ್ಲ. ಹನ್ನೊಂದಕ್ಕೆ ಅಕ್ಕನ ಪಾಳಿ. ಅವಳ ಪಾದಗಳು ಊದಿಕೊಂಡು ಚಪ್ಪಲಿಯೊಳಗೆ ಹಿಡಿಸುತ್ತಿರಲಿಲ್ಲ.

"ನಿಂದ್ರಸು ತಮ್ಮಾ," ಅಂದಳು ಹಿಂದಿನ ಸೀಟಿನಿಂದ. "ದೀಪ ಹತ್ತೈತಿ. ನನಗ ಕಾಣಂಗಿಲ್ಲೇನು?"

ನಿಲ್ಲಿಸಿ ಬಾನೆಟ್ ಎತ್ತಿದೆ. ಅಳತೆಕಡ್ಡಿಯ ತುದಿಗೂ ಆಯಿಲ್ ತಾಗಿರಲಿಲ್ಲ. ಡಬ್ಬಿಯಲ್ಲಿದ್ದುದನ್ನೆಲ್ಲ ಸುರಿದೆ. ದೀಪ ಆರಿತು. ಮೆಲ್ಲಗೆ ಮಸ್ಕಿ ಮುಟ್ಟಿ ರಸ್ತೆ ಬದಿಯ ಗ್ಯಾರೇಜೊಂದಕ್ಕೆ ಗಾಡಿ ತಿರುಗಿಸಿದೆ.

ಅಲ್ಲಿಯ ಮೇಸ್ತ್ರಿ ಐವತ್ತು ದಾಟಿದವನು. ಕಡ್ಡಿ ಎಳೆದು ನೋಡಿ ತಲೆಯಾಡಿಸಿದ. "ಈಗ ಹಾಕಿದ್ದು ಆಗಲೇ ಕಮ್ಮಿ ಆಗೈತ್ರಿ. ಹಿಂಗ ಹೋದ್ರ ಸಿಂಧನೂರು ಮುಟ್ಟಂಗಿಲ್ಲ. ಎಂಜಿನ್ ಜಾಮ್ ಆಕ್ಕೈತಿ."

ಬಾಡಿಗೆ ಕಾರಿಗೆ ಫೋನು ಹಚ್ಚಿದೆ. ಬರಲು ಒಂದು ತಾಸಾದರೂ ಬೇಕೆಂದರು; ಅಷ್ಟು ಕಾದರೆ ಪಾಳಿ ತಪ್ಪುತ್ತಿತ್ತು. ಬಸ್ಸಿಗಾದರೂ ಹೋಗೋಣವೆಂದರೆ ಅಕ್ಕ ಮೊದಲ ಸಲ ಬೇಡವೆಂದಳು. "ಇವತ್ತು ನನಗ ನಿಂದ್ರಾಕ ಆಗಂಗಿಲ್ಲೋ."

ನಮ್ಮೂರ ಮೆಕ್ಯಾನಿಕ್ ಹೇಳಿದ್ದ ಸೀಲಿನ ವಿಷಯ ಮೇಸ್ತ್ರಿಗೆ ಹೇಳಿದೆ. ಅವನು ಅದನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. "ನಿಂತಾಗ ಸೋರತೈತೋ, ಓಡುವಾಗ ಸೋರತೈತೋ?"

ನನಗೆ ಗೊತ್ತಿರಲಿಲ್ಲ. ಉತ್ತರ ಕೊಟ್ಟವಳು ಅಕ್ಕ. "ಓಡುವಾಗರಿ. ಜೋರು ಓಡಿಸಿದ್ರ ಸುಟ್ಟ ವಾಸನಿ ಬರತೈತಿ, ಮೆಲ್ಲಕ ಹೋದ್ರ ಇಲ್ಲ. ಹಿಂದಿನ ಓಣ್ಯಾಗ ರಾತ್ರಿ ಪೂರಾ ನಿಂತ್ರೂ ಮುಂಜಾಲೆ ನಾಕೇ ಹನಿ."

ನಾನು ತಲೆ ತಗ್ಗಿಸಿದೆ. ಅವಳಿಗೆ ಎಲ್ಲ ಗೊತ್ತಿತ್ತು.

ಮೇಸ್ತ್ರಿ ಮುಖ ಅರಳಿತು. "ಹಂಗಾದ್ರ ಒತ್ತಡ ಇರೋ ಕಡಿಂದ ಬರಾಕತ್ತೈತಿ. ಸೋರೋದು ಮ್ಯಾಲೆ, ಇಳದು ಬೀಳೋದು ಹಿಂದ. ಬಿದ್ದ ಜಾಗ ನೋಡಿ ಸೀಲ್ ಅಂದಾನ ಅವ." ಡೀಸೆಲ್ ಅದ್ದಿದ ಬ್ರಷ್‌ನಿಂದ ಎಂಜಿನ್ನಿನ ಹಿಂಬದಿ ತಿಕ್ಕಿ, ಒಣಬಟ್ಟೆಯಲ್ಲಿ ಒರೆಸಿದ. ಆಮೇಲೆ ಪೌಡರ್ ಕೇಳಿದ. ಅಕ್ಕ ಚೀಲದಿಂದ ಮುಖಕ್ಕೆ ಹಚ್ಚುವ ಪೌಡರ್ ಡಬ್ಬಿ ತೆಗೆದುಕೊಟ್ಟಳು. ಒರೆಸಿದ ಜಾಗಕ್ಕೆಲ್ಲ ಉದುರಿಸಿ, "ಸ್ಟಾರ್ಟ್ ಮಾಡಿ ರೇಸ್ ಕೊಡ್ರಿ," ಅಂದ.

ಕೊಟ್ಟೆ. ಅವನು ಟಾರ್ಚ್ ಹಿಡಿದು ಬಗ್ಗಿದ್ದ. ಒಂದು ನಿಮಿಷ, ಎರಡು ನಿಮಿಷ. ಕನ್ನಡಿಯಲ್ಲಿ ಅಕ್ಕ ಬಾಯಿಂದ ಉಸಿರಾಡುವುದು ಕಾಣುತ್ತಿತ್ತು.

"ಬಂದ್ ಮಾಡ್ರಿ! ಸಿಕ್ತು."

ಬಿಳಿ ಪೌಡರಿನ ಮೇಲೆ ಕರಿಯ ಗೆರೆಯೊಂದು ಇಳಿದಿತ್ತು. ಅದರ ಮೇಲ್ತುದಿಯಲ್ಲಿ ಹೆಬ್ಬೆರಳಿನಷ್ಟು ದಪ್ಪದ ಆಯಿಲ್ ಸ್ವಿಚ್. ಕೆಂಪು ದೀಪಕ್ಕೆ ಸುದ್ದಿ ಮುಟ್ಟಿಸುವುದು ಅದೇ. ಅದರ ಕುತ್ತಿಗೆ ಸೀಳು ಬಿಟ್ಟಿತ್ತು. ಸೀಲ್ ಗಟ್ಟಿಯಾಗಿಯೇ ಇತ್ತು. ಮೇಸ್ತ್ರಿಯ ಬೈಕ್ ತೆಗೆದುಕೊಂಡು ಸಾಮಾನಿನ ಅಂಗಡಿಗೆ ಓಡಿದೆ. ಮೊದಲ ಅಂಗಡಿಯಲ್ಲಿ ಸಿಗಲಿಲ್ಲ, ಎರಡನೆಯದರಲ್ಲಿ ಸಿಕ್ಕಿತು. ಅವನು ಹೊಸದನ್ನು ತಿರುಗಿಸಿ ಕೂಡಿಸಿ, ಹೊಸ ಆಯಿಲ್ ತುಂಬಿ, ಇನ್ನೊಮ್ಮೆ ಪೌಡರ್ ಹಾಕಿ ನೋಡಿಯೇ ನಮ್ಮನ್ನು ಬಿಟ್ಟ.

ಸಿಂಧನೂರು ಮುಟ್ಟಿದಾಗ ಹನ್ನೊಂದೂವರೆ. ಅಕ್ಕನ ಪಾಳಿ ಬೇರೆಯವರಿಗೆ ಹೋಗಿತ್ತು. ಮಷಿನ್ ಖಾಲಿಯಾಗಲು ಮಧ್ಯಾಹ್ನ ಮೂರು ಗಂಟೆಯಾಗುತ್ತದೆ ಎಂದ ನರ್ಸಮ್ಮ, ಅಕ್ಕನ ಮುಖ ನೋಡಿ ಮೂಗಿಗೆ ಆಕ್ಸಿಜನ್ ಹಚ್ಚಿ ಹೊರಗೆ ಬೆಂಚಿನ ಮೇಲೆ ಕೂರಿಸಿದರು. ಅವಳ ಬೆರಳಿಗೆ ಸಿಕ್ಕಿಸಿದ್ದ, ಆಕ್ಸಿಜನ್ ಅಳೆಯುವ ಯಂತ್ರದ ಅಂಕಿ ಇಳಿಯುತ್ತಿದೆಯೋ ಏರುತ್ತಿದೆಯೋ ಎಂದು ನೋಡುತ್ತ ಪಕ್ಕದಲ್ಲೇ ಕೂತೆ.

ಅಕ್ಕ ಕೇಳಿದಳು: "ಆಯಿಲ್ ಸೋರೋದು ಮುಚ್ಚಿಟ್ಟಿ. ಡಾಕ್ಟರ್ ಹೇಳಿದ್ದೂ ಏನರ ಮುಚ್ಚಿಟ್ಟೀಯೇನು?"

ಇಲ್ಲ ಎನ್ನಲು ಬಾಯಿ ತೆರೆದೆ. ಹಿಂದಿನ ತಿಂಗಳು ಡಾಕ್ಟರು ನನ್ನೊಬ್ಬನನ್ನೇ ಕರೆದು, ಅವಳ ಹೃದಯವೂ ದುರ್ಬಲವಾಗುತ್ತಿದೆ ಎಂದಿದ್ದರು. ಅದನ್ನು ಅಲ್ಲೇ, ಆ ಬೆಂಚಿನ ಮೇಲೆ ಹೇಳಿದೆ. ಹೇಳುವಾಗ ಅವಳ ಕಡೆ ನೋಡಲಾಗಲಿಲ್ಲ.

ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. "ನನ್ನ ಮೈಯಾಗಿನದು ನನಗ ಹೇಳದ ಯಾರಿಗೆ ಹೇಳ್ತಿದ್ದಿ?" ಎಂದಷ್ಟೇ ಕೇಳಿದಳು.

ಮೂರು ದಾಟಿದ ಮೇಲೆ ಅವಳನ್ನು ಒಳಗೆ ಕರೆದರು. ಹೊರಬಂದಾಗ ಉಸಿರು ಹಗುರವಾಗಿತ್ತು. ಮುಂದಿನ ಸಲ ಡಾಕ್ಟರ ಕೋಣೆಯೊಳಗೆ ಒಬ್ಬಳೇ ಹೋದಳು. ಬಾಗಿಲಾಚೆ ನಿಂತ ನನಗೆ ಅವಳು ಒಂದರ ಹಿಂದೊಂದು ಪ್ರಶ್ನೆ ಕೇಳುತ್ತಿರುವುದು ಕೇಳಿಸುತ್ತಿತ್ತು.