ಹುಳಿ ಬಿಟ್ಟಿದ್ದೆ ಎಂದ ಸುಳ್ಳು

ಗೌರಕ್ಕನ ಪುಡಿಯಿಂದ ನನಗೆ ಗುಣವಾಗಲಿಲ್ಲ. ಗುಣವಾಯಿತೆಂದು ಹೇಳಿದೆ, ಅಷ್ಟೆ. ಆ ಸುಳ್ಳನ್ನು ಮೂರು ವರ್ಷ ಸಾಕಿದೆ — ಒಂದು ದಿನವೂ ಬಾಯಿ ತಪ್ಪಿ ನಿಜ ಹೊರಬೀಳದಂತೆ, ಬಹಳ ಜೋಪಾನವಾಗಿ.

ಗೌರಕ್ಕ ನನ್ನ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಅವರು ಕೆಳಗಿನ ಮನೆ, ನಾವು ಮಹಡಿ. ಅಡುಗೆ ಬೇರೆ ಬೇರೆ. ಬ್ರೂಕ್‌ಫೀಲ್ಡ್ ಪಕ್ಕದಲ್ಲಿ ನಮ್ಮ ಹೊಲವಿದ್ದ ಕಡೆ ಈಗ ನಮ್ಮದೇ ಪಿ.ಜಿ. ಕಟ್ಟಡಗಳು. ಉಳಿದ ಗೇಣು ನೆಲದಲ್ಲಿ, ನೀರಿನ ಟ್ಯಾಂಕಿನ ಹಿಂದೆ, ಅಕ್ಕ ಶತಾವರಿ ಬಳ್ಳಿ, ಅಂದರೆ ನಮ್ಮ ಕಡೆಯ ‘ಹಲವು ಮಕ್ಕಳ ತಾಯಿ’, ಬೆಳೆಸಿದ್ದರು. ಅದರ ಬೇರಿನ ಪುಡಿ ಕೇಳಿಕೊಂಡು ಬೀದಿಯ ಹೆಂಗಸರೆಲ್ಲ ಬರುತ್ತಿದ್ದರು. ಗೌರಕ್ಕನ ಕೈಗುಣ ಚೆನ್ನಾಗಿದೆ ಎನ್ನುವುದು ಎಲ್ಲರ ಬಾಯಲ್ಲಿದ್ದ ಮಾತು.

ನನಗೆ ಮುಟ್ಟು ನಿಲ್ಲುವ ಕಾಲ ಬಂತು. ನಾನು ಕೆಲಸ ಮಾಡುವ ಟೆಕ್ ಪಾರ್ಕಿನ ರಿಸೆಪ್ಷನ್‌ನಲ್ಲಿ ಎಲ್ಲರೂ ಎ.ಸಿ.ಗೆ ಸ್ವೆಟರ್ ಹಾಕಿಕೊಂಡು ಕೂತಿದ್ದರೆ ನಾನೊಬ್ಬಳು ರವಿಕೆ ತೊಯ್ಯುವಷ್ಟು ಬೆವರುತ್ತಿದ್ದೆ. ಅಕ್ಕ ಪುಡಿಯನ್ನು ಹಾಲಿಗೆ ಬೆರೆಸಿ ಕೊಟ್ಟರು. ಮೂರು ತಿಂಗಳು ಕುಡಿದೆ, ಏನೂ ಆಗಲಿಲ್ಲ. ಕೊನೆಗೆ ಡಾಕ್ಟರ್ ಹತ್ತಿರ ಹೋದೆ. ಅವರು ಕೊಟ್ಟ ಮಾತ್ರೆ ಹಿಡಿಯಿತು. ಮಾತ್ರೆಯನ್ನು ಊಟದ ಬ್ಯಾಗಿನ ಒಳಜೇಬಿನಲ್ಲಿ ಬಚ್ಚಿಟ್ಟು, ಹಾಲನ್ನು ಮಾತ್ರ ಅಕ್ಕನ ಎದುರೇ ಕುಡಿಯುತ್ತಿದ್ದೆ.

"ಈಗೆಂಗೈತೆ?" ಎಂದರು ಒಂದು ದಿನ.

"ನಿಮ್ ಪುಡಿಯಿಂದ ಎಲ್ಲಾ ಹೋಯ್ತಕ್ಕ."

ಅವರ ಮುಖ ಅರಳಿತು. ನನ್ನ ಎರಡು ಬಾಣಂತನ ಮಾಡಿದ ಜೀವ, ನೋಯಿಸಬಾರದು ಅಂದುಕೊಂಡೆ. ಹಾಗಂದುಕೊಂಡೆನೋ, ಅಥವಾ ಸುಳ್ಳೇ ಸುಲಭವಾಗಿತ್ತೋ...

ಮರುವರ್ಷ ಅಕ್ಕನಿಗೂ ಅದೇ ಕಾಟ ಶುರುವಾಯಿತು. ಅವರೂ ಅದೇ ಪುಡಿ ಕುಡಿದರು, ಹಿಡಿಯಲಿಲ್ಲ. ನಾಟಿ ಔಷಧಿ ಹಿಡಿಯದಿದ್ದರೆ ನಮ್ಮಲ್ಲಿ ಯಾರೂ ಔಷಧಿಯನ್ನು ದೂರುವುದಿಲ್ಲ — ಪಥ್ಯ ಕೆಟ್ಟಿದೆ ಎನ್ನುತ್ತಾರೆ. ಅಕ್ಕ ಸೊಪ್ಪು ಬಿಡಿಸುತ್ತಾ ಕೇಳಿದರು:

"ನೀನೇನ್ ಪಥ್ಯ ಮಾಡಿದ್ದೆ?"

"ಹುಳಿ ಬಿಟ್ಟಿದ್ದೆ ಅಕ್ಕ."

ನಾಲಿಗೆಗೆ ಬಂದದ್ದನ್ನು ಹೇಳಿದೆ. ಆ ದಿನವೇ ಅಕ್ಕ ಹುಳಿ ಬಿಟ್ಟರು. ಬಸ್ಸಾರಿಗೆ ಪ್ರಾಣ ಬಿಡುತ್ತಿದ್ದ ಹೆಂಗಸು ಸಪ್ಪೆ ಬೇಳೆಕಟ್ಟಿನಲ್ಲಿ ಮುದ್ದೆ ನುಂಗತೊಡಗಿದರು. ಆಮೇಲೆ ಬದನೆಕಾಯಿ, ಆಮೇಲೆ ಕಾಫಿ... ಮನೆಯವರಿಗೆ ಮಾಡಿದ ಸಾರನ್ನು ತಾವು ರುಚಿ ನೋಡುವಂತಿಲ್ಲವಲ್ಲ, ನನ್ನನ್ನು ಕೂಗಿ ಅಂಗೈಗೆ ಒಂದು ತೊಟ್ಟು ಬಿಟ್ಟು, "ಹುಳಿ ಸಾಕಾ ನೋಡೇ" ಎನ್ನುತ್ತಿದ್ದರು. ನಾನು ನೆಕ್ಕಿ, "ಸರಿಯಾಗಿದೆ ಅಕ್ಕ" ಎನ್ನುತ್ತಿದ್ದೆ. ಅವರ ಹಣೆಯ ಬೆವರು ಕಾಣುತ್ತಿತ್ತು. ಕಂಡೂ ಸುಮ್ಮನಿದ್ದೆ. "ನಿಂಗಾಯ್ತು, ನಂಗಾಗ್ಲಿಲ್ಲ. ನನ್ ಕೈಗುಣನೇ ಹೋಯ್ತೇನೋ" ಎಂದು ಅವರು ಬೀದಿಯವರಿಗೆ ಪುಡಿ ಕೊಡುವುದನ್ನೇ ನಿಲ್ಲಿಸಿದಾಗಲೂ — ಒಂದೇ ಒಂದು ಮಾತು ಸಾಕಿತ್ತು — ಸುಮ್ಮನಿದ್ದೆ.

ಹೋದ ಆಷಾಢದಲ್ಲಿ ಊಟದ ಬ್ಯಾಗನ್ನು ಕೆಳಗೇ ಮರೆತು ಬಂದೆ. ಡಬ್ಬಿ ತೊಳೆದಿಡೋಣವೆಂದು ತೆಗೆದ ಅಕ್ಕನಿಗೆ ಮಾತ್ರೆ ಸಿಕ್ಕಿದೆ. ಮೆಡಿಕಲ್ ಸ್ಟೋರಿನಲ್ಲಿ ತೋರಿಸಿ, ಯಾತಕ್ಕೆಂದು ಕೇಳಿಕೊಂಡು ಮಹಡಿಗೆ ಬಂದು, ಉಣ್ಣುತ್ತಿದ್ದ ನನ್ನ ತಟ್ಟೆಯ ಪಕ್ಕ ಇಟ್ಟರು.

"ಇತ್ತೀಚೆಗೆ, ಅಕ್ಕ..." ಎಂದೆ. ಆಗಲೂ ಸುಳ್ಳು! ಅವರು ಕಣ್ಣು ಕದಲಿಸಲಿಲ್ಲ. "ಮೂರು ವರ್ಷ ಆಯ್ತು" ಎಂದೆ.

"ಮಾತ್ರೆ ನುಂಗಿದ್ದಕ್ಕೆ ನಂಗೇನೂ ಬೇಜಾರಿಲ್ಲ ಕಣೇ. ನಾನು ಸಪ್ಪೆ ಉಣ್ಣೋದ್ನ ಎದುರಿಗೆ ಕುಂತು ನೋಡ್ತಿದ್ಯಲ್ಲ... ಅಂಗೈ ಒಡ್ಡಿ ಸಾರು ನೆಕ್ತಿದ್ಯಲ್ಲ..."

ನಂಬಿಸಿ ಕತ್ತು ಕೊಯ್ಯುವುದು ಎನ್ನುತ್ತಾರಲ್ಲ, ನಾನು ಮಾಡಿದ್ದು ಅದನ್ನೇ.

ಅಕ್ಕ ಡಾಕ್ಟರ್ ಹತ್ತಿರ ಹೊರಟಾಗ ನಾನೂ ಬರುತ್ತೇನೆ ಎಂದೆ. ಬೇಡ ಎಂದು ಪಿ.ಜಿ.ಯ ಹುಡುಗಿಯೊಬ್ಬಳನ್ನು ಕರೆದುಕೊಂಡು ಹೋದರು. ಈಗ ಅವರಿಗೆ ಬೆವರು ನಿಂತು ನಿದ್ದೆ ಬರುತ್ತಿದೆಯಂತೆ — ಅದೂ ನನಗೆ ಆ ಹುಡುಗಿಯಿಂದ ತಿಳಿದದ್ದು. ಬೀದಿಯ ಹೆಂಗಸರಿಗೆ ನಾನೇ ಮನೆಮನೆಗೆ ಹೋಗಿ ನಡೆದದ್ದನ್ನು ಹೇಳಿ ಬಂದೆ.

ಮೊನ್ನೆ ಭಾನುವಾರ ಕೆಳಗೆ ಹೋದಾಗ ಬಸ್ಸಾರು ಕುದಿಯುತ್ತಿತ್ತು. ಅಕ್ಕ ಸೌಟು ಎತ್ತಿದರು. ಅಭ್ಯಾಸಬಲ, ನಾನು ಕೈ ಚಾಚಿದೆ. ಅವರು ತಮ್ಮ ಅಂಗೈಗೇ ತೊಟ್ಟು ಬಿಟ್ಟುಕೊಂಡು, ನೆಕ್ಕಿ ನೋಡಿ, ಇನ್ನಷ್ಟು ಹುಣಸೆ ಕಿವುಚಿ ಹಾಕಿದರು. ನಾನು ಒಣ ಕೈಯನ್ನೇ ಸೆರಗಿಗೆ ಒರೆಸಿಕೊಂಡು ಮೆಟ್ಟಿಲು ಹತ್ತಿದೆ.