ಕ್ರಿಸ್ಮಸ್ ಹಂದಿಯ ಉಪ್ಪು

ನನಗೆ ಕೋಪ ಮೂಗಿನ ತುದಿಯಲ್ಲೇ. ತೊಂಬತ್ತರ ದಶಕದ ಕೊನೆಯಲ್ಲಿ ಮದುವೆಯಾಗಿ ಬ್ರಹ್ಮಾವರಕ್ಕೆ ಬಂದ ಮೊದಲ ಡಿಸೆಂಬರಿನಲ್ಲಿ, ಕ್ರಿಸ್ಮಸ್ ಊಟಕ್ಕೆ ಕೋಳಿ ಎಂದು ಗಂಡ ಹೇಳಿದಾಗ ಅದು ಬಾಯಿಗೂ ಇಳಿಯಿತು. ಕುಂದಾಪುರದ ನನ್ನ ತವರಿನಲ್ಲಿ ಕ್ರಿಸ್ಮಸ್ ಎಂದರೆ ಹಂದಿ. ಕೋಳಿ ಏನಿದ್ದರೂ ನೆಂಟರು ಹೇಳದೆ ಕೇಳದೆ ಬಂದರೆ ಮಾಡುವಂಥದ್ದು. ನಮ್ಮ ಮನೆಮಾತು ಕೊಂಕಣಿಯಾದರೂ ಜಗಳಕ್ಕೂ ಗಡಿಬಿಡಿಗೂ ನಮಗೆಲ್ಲ ಬರುವುದು ಕುಂದಾಪ್ರ ಕನ್ನಡವೇ.

"ಹಬ್ಬಕ್ಕೆ ಕೋಳಿಯಾ? ನನ್ನಪ್ಪ ಕೇಂಡ್ರೆ ನೆಗಾಡ್ತ್ರ್" ಎಂದೆ. ಅಮ್ಮನನ್ನು ಕೇಳು ಎಂದು ಗಂಡ ಜಾರಿಕೊಂಡರು.

ಇನ್ನೊಂದು ವ್ಯತ್ಯಾಸವೂ ಇತ್ತು. ತವರಿನವರು ಕೆಥೊಲಿಕರು, ಗಂಡನ ಮನೆಯವರು ಸಿರಿಯನ್ ಸಭೆಯವರು. ಇವರಿಗೆ ಡಿಸೆಂಬರ್ ಒಂದರಿಂದ ಕ್ರಿಸ್ಮಸ್ ಬೆಳಗಿನ ಪೂಜೆ ಮುಗಿಯುವ ತನಕ ಉಪವಾಸ, ಸೊಸೆಯಾಗಿ ಬಂದ ನನಗೂ. ಮೀನಿಲ್ಲ, ಮಾಂಸವಿಲ್ಲ, ಮೊಟ್ಟೆಯೂ ಇಲ್ಲ. ಕಡಲ ಬದಿಯಲ್ಲಿದ್ದುಕೊಂಡು ಅಷ್ಟು ದಿನ ಬಂಗುಡೆಯ ವಾಸನೆಯಿಲ್ಲದೆ ಗಂಜಿ ಉಣ್ಣುವುದೆಂದರೆ ತಮಾಷೆಯಲ್ಲ. ಅತ್ತೆ ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಒಂದು ವರ್ಷವೂ ತಪ್ಪಿಸಿದವರಲ್ಲ, ಜ್ವರ ಬಂದಾಗಲೂ.

ಅತ್ತೆಯನ್ನು ಕೇಳಿದೆ. ಅವರು ಅಕ್ಕಿ ಆರಿಸುತ್ತಿದ್ದರು.

"ಮಾಡ್. ಆದ್ರೆ ಉಪ್ಪ್ ಕಾಂಬರ್ ಯಾರ್?"

ಉಪ್ಪು ಯಾರು ನೋಡುವುದು ಎಂದರೆ ಏನರ್ಥ? ಅಡುಗೆ ಮಾಡುವವಳಿಗೆ ಉಪ್ಪು ಹಾಕಲು ಬರುವುದಿಲ್ಲವೇ? ನನಗೆ ಅಂದಾಜು ಗೊತ್ತು ಎಂದೆ, ಸ್ವಲ್ಪ ಜೋರಾಗಿಯೇ. ಅವರು ಮತ್ತೆ ಅಕ್ಕಿಯತ್ತ ಬಗ್ಗಿದರು. ಗೆದ್ದೆ ಎಂದುಕೊಂಡೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಆರೇ ತಿಂಗಳಲ್ಲಿ ಬಂತು ನೋಡಿ!

ಇಪ್ಪತ್ನಾಲ್ಕರ ಮಧ್ಯಾಹ್ನ ಎಂಟು ಕಿಲೋ ಹಂದಿಮಾಂಸ ಬಂತು. ಹಂದಿ ಮಾಡಿದ ದಿನಕ್ಕಿಂತ ಮರುದಿನವೇ ರುಚಿ, ಹಾಗಾಗಿ ಅಂದೇ ಒಲೆಗೇರಿಸಿದೆ. ಮರುದಿನ ಊಟಕ್ಕೆ ಮೂವತ್ತು ಜನ. ಎಲ್ಲ ಗಂಡನ ಕಡೆಯವರು, ಹೊಸ ಸೊಸೆಯ ಕೈಯಡುಗೆ ಹೇಗಿದೆ ನೋಡೋಣ ಎಂದೇ ಬರುವವರು. ನಾನು ಅಲ್ಲಿಯವರೆಗೆ ಎರಡು ಕಿಲೋಕ್ಕಿಂತ ಹೆಚ್ಚು ಬೇಯಿಸಿದವಳೇ ಅಲ್ಲ. ಅದನ್ನು ಯಾರಿಗೂ ಹೇಳಿರಲಿಲ್ಲ.

ಸಂಜೆ ಸಾರು ಕುದಿ ಬಂದಾಗ ಅಭ್ಯಾಸದಂತೆ ಸೌಟಿನಿಂದ ಒಂದು ತೊಟ್ಟು ಅಂಗೈಗೆ ಬಿಟ್ಟು ಬಾಯಿಯ ಹತ್ತಿರ ತಂದೆ. ಅತ್ತೆ ಕೈ ಹಿಡಿದರು. ನಾನೂ ಉಪವಾಸದಲ್ಲಿದ್ದೇನೆ ಎಂಬುದು ಆಗ ನೆನಪಾಯಿತು. ಮಾಂಸಕ್ಕೆ ಮಸಾಲೆ ಸವರುವಾಗ ಉಪ್ಪು ಹಾಕಿದ್ದೆನೋ, ಆಮೇಲೆ ಹಾಕಿದರಾಯಿತು ಎಂದು ಬಿಟ್ಟಿದ್ದೆನೋ, ಅದು ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

ಅಷ್ಟರಲ್ಲಿ ಹಿತ್ತಿಲ ಬಾಗಿಲಿಗೆ ಪಕ್ಕದ ಮನೆಯ ಅಕ್ಕ ಬಂದರು. ಮೀನು ಮಾರುವವರು, ನಮ್ಮ ಉಪವಾಸದ ಕಟ್ಟಿಲ್ಲದ ಹಿಂದೂ ಮನೆಯವರು, ಅತ್ತೆಗೆ ಹಳೆಯ ಗೆಳತಿ.

"ಹ್ವಾಯ್ ಬಾಯಮ್ಮ, ಉಪ್ಪ್ ಕಾಂಬುಕೆ ಬಂದೆ!"

ಪ್ರತಿವರ್ಷ ಹಬ್ಬದ ಹಿಂದಿನ ಸಂಜೆ ಬಂದು ಕೋಳಿ ಸಾರಿನ ಉಪ್ಪು ನೋಡಿ ಹೇಳುವವರು ಇವರೇ. ಪಾತ್ರೆಯೊಳಗೆ ಇಣುಕಿದವರು ಹಿಂದೆ ಸರಿದರು.

"ಅಯ್ಯೋ, ಹಂದಿಯಾ? ನಾವ್ ತಿಂತಿಲ್ಲೆ ಮಾರಾಯ್ತಿ. ಬೇಜಾರ್ ಮಾಡ್ಕಣ್ಬೇಡ ಹೆಣ್ಣೇ."

ಈ ಮನೆಯಲ್ಲಿ ಹಬ್ಬಕ್ಕೆ ಕೋಳಿಯೇ ಯಾಕೆ ಎಂದು ನನಗೆ ತಿಳಿದದ್ದು ಆಗ.

ಅವರು ಹೋದ ಮೇಲೆ ಅತ್ತುಬಿಟ್ಟೆ. "ನಾನೇ ಕಾಣ್ತೆ ಅತ್ತೆ. ಈ ಉಪಾಸ ನಂಗ್ ಹುಟ್ಟಿನಿಂದ ಬಂದದ್ದಲ್ಲ."

"ಬೇಡ. ನಾಳೆ ಕುರ್ಬಾನಕ್ಕೆ ನೀ ಮುಂದೆ ಹೋಗ್ದಿದ್ರೆ ಊರಿಡೀ ಕೇಳತ್ತ್. ಹೊಸ ಹೆಣ್ಣ್ ನೀನ್."

ಕುರ್ಬಾನವೆಂದರೆ ಪೂಜೆಯಲ್ಲಿ ಪಾದ್ರಿಗಳು ಕೊಡುವ ಪವಿತ್ರ ರೊಟ್ಟಿ. ಉಪವಾಸ ಮುರಿದವರು ಅದನ್ನು ಮುಟ್ಟಬಾರದು ಎಂಬುದು ಆ ಮನೆಯ ಕಟ್ಟುನಿಟ್ಟು. ಅತ್ತೆ ಶಿಲುಬೆಯ ಗುರುತು ಹಾಕಿಕೊಂಡರು. ಚಮಚದಲ್ಲಿ ಸಾರು ತೆಗೆದು ಊದಿ ಬಾಯಿಗೆ ಹಾಕಿಕೊಂಡರು. ತಡೆಯಬೇಕಿತ್ತು, ನಾನು ತಡೆಯಲಿಲ್ಲ.

"ಉಪ್ಪೇ ಇಲ್ಲೆ. ಹಾಕ್."

ಹಾಕಿದೆ. ಇನ್ನೊಮ್ಮೆ ನೋಡಿ, ಈಗ ಸಮ ಆಯ್ತ್ ಎಂದರು. ಬಾಯಿ ಮುಕ್ಕಳಿಸಿ ದನಕ್ಕೆ ಹುಲ್ಲು ಹಾಕಲು ಹೋದರು.

ಬೆಳಗಿನ ಜಾವ ಇಗರ್ಜಿಯಲ್ಲಿ ಎಲ್ಲರೂ ಕುರ್ಬಾನಕ್ಕೆ ಎದ್ದರು. ಯಾವಾಗಲೂ ಹೆಂಗಸರ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದ ಅತ್ತೆ ಕೂತಲ್ಲಿಂದ ಏಳಲಿಲ್ಲ. ಯಾರೋ ಬಗ್ಗಿ ಕೇಳಿದರು. ಮಂಡಿ ನೋವು, ಏಳಲಿಕ್ಕಾಗುವುದಿಲ್ಲ ಎಂದರು. ನಾನು ಸಾಲಿನಲ್ಲಿ ನೆಲ ನೋಡುತ್ತ ನಿಂತಿದ್ದೆ. ಅಷ್ಟು ನಾಚಿಕೆ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಊಟಕ್ಕೆ ಬಂದವರು ಹಂದಿಯನ್ನು ಎರಡೆರಡು ಸಲ ಹಾಕಿಸಿಕೊಂಡು ಹೊಗಳಿದರು.

ಮರುವರ್ಷ ಹಂದಿಗೆ ಹೇಳಿ ಬರಲೇ ಎಂದು ಗಂಡ ಕೇಳಿದರು. ಕೋಳಿ ಸಾಕು ಎಂದೆ.

"ಹ್ವಾದ್ ವರ್ಷ ಅಷ್ಟ್ ಗಲಾಟೆ ಮಾಡ್ದವ್ಳ್ ನೀನೇ ಅಲ್ದಾ? ಈಗ ಎಂತ ಆಯ್ತ್?" ಎಂದು ನಕ್ಕರು.

ಬಾಗಿಲಲ್ಲಿದ್ದ ಅತ್ತೆ ಮಗನಿಗೆ ಹೇಳಿದರು: "ಅವ್ಳನ್ನ್ ಎಂತಕ್ಕ್ ಕೇಂತೆ? ನಾನೇ ಬೇಡ ಅಂದದ್ದ್. ಹಂದಿ ತಿಂದ್ರೆ ನಂಗೆ ಮಂಡಿ ನೋವಾತ್ತ್."